ಸುಡೋ ಸಾಹೇಬರು

ಗುಂಡ್ಲುಪೇಟೆಯಲ್ಲಿ ಯಾರ ಅಂಗಡಿಯ ನೆಟ್ ನಿಧಾನವಾದರೂ ಮೊದಲ ಫೋನು ಸುಡೋ ಸಾಹೇಬರಿಗೆ. ಅಪ್ಪ ಇಟ್ಟ ಹೆಸರು ಈಗ ಪಡಿತರ ಚೀಟಿಯಲ್ಲಷ್ಟೇ ಉಳಿದಿದೆ. ಫೋಲ್ಡರಿನಲ್ಲಿ ಏನಿದೆಯೆಂದು ಇಣುಕುವುದಕ್ಕೂ ಅವರಿಗೆ ಲಿನಕ್ಸಿನಲ್ಲಿ ಪೂರ್ಣಾಧಿಕಾರ ಕೊಡಿಸುವ 'ಸುಡೋ' ಆಜ್ಞೆ ಬೇಕು.

ಮೊನ್ನೆ ಚಾಮರಾಜನಗರದ ಜೆರಾಕ್ಸ್ ಅಂಗಡಿಯಿಂದ ನೆಟ್ ನಿಧಾನವೆಂದು ಕರೆ ಬಂತು. ಪಹಣಿ ಪ್ರಿಂಟಿಗೆ ಬಂದ ರೈತರು ಬಾಗಿಲಾಚೆವರೆಗೂ ನಿಂತಿದ್ದರು. ಸಾಹೇಬರು ಟೀ ತರಿಸಿ, ಉಬುಂಟು ಲ್ಯಾಪ್‌ಟಾಪ್ ಬಿಚ್ಚಿ, ನೆಟ್‌ವರ್ಕಿನ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ವೈರ್‌ಶಾರ್ಕ್ ಹಾಕತೊಡಗಿದರು. ಸಾಮಾನ್ಯ ಬಳಕೆದಾರರಿಗೂ ಪ್ಯಾಕೆಟ್ ಹಿಡಿಯಲು ಬಿಡಬೇಕೇ ಎಂದು ಅದು ಕೇಳಿತು. ಓದುವುದು ಅವರ ಜಾಯಮಾನವಲ್ಲ, ಎಂಟರ್ ಒತ್ತಿದರು. ಅಲ್ಲಿ ಮೊದಲೇ ಆರಿಸಿಟ್ಟಿದ್ದ ಉತ್ತರ 'ಬೇಡ'. ಪ್ಯಾಕೆಟ್ ಹಿಡಿಯಲು ಅನುಮತಿಯಿಲ್ಲ ಎಂಬ ತಕರಾರು ಬಂತು.

"ಸೆಕ್ಯುರಿಟಿ ನಾಟ್ಕ, ಬುಡಿ" ಎಂದವರೇ ಇಡೀ ತಂತ್ರಾಂಶವನ್ನು ರೂಟ್ ಆಗಿ, ಅಂದರೆ ಯಂತ್ರದ ಪೂರ್ಣಾಧಿಕಾರ ಕೊಟ್ಟು, ಎಬ್ಬಿಸಿದರು.

ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಈಥೀರಿಯಲ್ ಎಂದು ಹೊರತಂದು, 2006ರಲ್ಲಿ ಹೆಸರು ಬದಲಿಸಿದ ಸಾಧನ ಈ ವೈರ್‌ಶಾರ್ಕ್. ನೂರಾರು ಪ್ರೋಟೋಕಾಲುಗಳನ್ನು ಬಿಡಿಸಿ ಓದುವ ಅದರ ಭಾಗದಲ್ಲಿ ದೋಷಗಳು ಆಗಾಗ ಸಿಗುತ್ತಲೇ ಇರುತ್ತವೆ. ಕಿಡಿಗೇಡಿ ಹೆಣೆದ ಒಂದು ಪ್ಯಾಕೆಟ್ ಅಂಥ ದೋಷಕ್ಕೆ ತಗುಲಿದಾಗ ತಂತ್ರಾಂಶ ರೂಟ್ ಆಗಿದ್ದರೆ ಇಡೀ ಯಂತ್ರವೇ ಅವನ ಕೈಗೆ ಹೋಗಬಹುದು. ಅದಕ್ಕೇ ಹಿಡಿಯುವ ಕೆಲಸವನ್ನು ಡಂಪ್‌ಕ್ಯಾಪ್ ಎಂಬ ಪುಟ್ಟ ತುಣುಕಿಗೆ ಬಿಟ್ಟು, ಬೇಕಾದಷ್ಟು ಅಧಿಕಾರವನ್ನು ಅದಕ್ಕೊಂದಕ್ಕೇ ಕೊಟ್ಟಿದ್ದಾರೆ. ರಾತ್ರಿ 9ಕ್ಕೆ ಮುಚ್ಚುವ ಬಂಡೀಪುರದ ಗೇಟು ಆಂಬುಲೆನ್ಸಿಗೆ ತೆರೆಯುತ್ತದಲ್ಲ, ಹಾಗೆ. ಸಾಹೇಬರು ಗೇಟಿನ ಬೀಗದ ಕೈಯನ್ನೇ ಲಾರಿಯವರಿಗೆ ಕೊಟ್ಟಿದ್ದರು.

"ಗಿರಾಕಿಗಳ ಪಾಸ್‌ವರ್ಡೂ ಕಾಣ್ತದಾ?" ಎಂದು ಮಾಲೀಕ ತನ್ನ ಮೊಬೈಲನ್ನು ಜೇಬಿಗಿಳಿಸುತ್ತಾ ಕೇಳಿದ. ಸಾಹೇಬರು ಸುಮ್ಮನೆ ನಕ್ಕರು. ಎಚ್‌ಟಿಟಿಪಿಎಸ್ ಬಂದಮೇಲೆ ಕಾಣುವುದು ಬಹುತೇಕ ಗೂಢಲಿಪಿ. ಸ್ವಿಚ್ ಇರುವ ಕಡೆ ಪಕ್ಕದ ಕಂಪ್ಯೂಟರಿನ ಸಂಚಾರ ಇತ್ತ ಸುಳಿಯುವುದೂ ಅಪರೂಪ. ಆದರೂ ಆ ನಗೆಗೇ ಇನ್ನೂರು ರೂಪಾಯಿ ಹೆಚ್ಚು ಹುಟ್ಟಿತು.

ಕೊನೆಗೆ ಕಳ್ಳ ಸಿಕ್ಕ. "ಈ ಐಪಿ ನೋಡಿ, ನೆಟ್ಟೆಲ್ಲಾ ಇವ್ನೇ ನುಂಗ್ತಾವ್ನೆ!" ಅಂಗಡಿಯ ಹುಡುಗ ಹುಡುಕಿದ. ಅದು ಸಾಹೇಬರ ಲ್ಯಾಪ್‌ಟಾಪಿನದೇ ವಿಳಾಸ; ಹಿಂದೆ ಸದ್ದಿಲ್ಲದೆ ಒಂದು ಸಿನಿಮಾ ಇಳಿಯುತ್ತಿತ್ತು.

ನಿಮ್ಮ ಯಂತ್ರದಲ್ಲಿ ಪ್ಯಾಕೆಟ್ ಹಿಡಿಯುವ ಅನುಮತಿಯ ಆ ಪ್ರಶ್ನೆ ಬಂದರೆ 'ಹೌದು' ಅನ್ನಿ, ನಿಮ್ಮ ಹೆಸರನ್ನು ವೈರ್‌ಶಾರ್ಕ್ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಬನ್ನಿ. ಸುಡೋ ಬೇಕಾಗುವುದಿಲ್ಲ. ಆ ಗುಂಪಿಗೆ ಸಾಹೇಬರನ್ನು ಮಾತ್ರ ಸೇರಿಸಬೇಡಿ.