ರಾಯರ ಟಬ್ಬು, ಜೆನ್ನಿನ ಬ್ರೇಕು

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಾಂಪೌಂಡ್ ಗೋಡೆಯ ಹತ್ತಿರ ಹೋದರೆ, ಆಚೆ ಕಡೆ ರಾಯರು ಮಣೆ ಹಾಕಿಕೊಂಡು ಕೂತಿದ್ದರು. ಮುಂದೊಂದು ಪ್ಲಾಸ್ಟಿಕ್ ಟಬ್ಬು, ಅದರಲ್ಲಿ ಮಸಿ ಹಿಡಿದ ಎರಡು ಕಬ್ಬಿಣದ ಮುದ್ದೆ. ಪಕ್ಕದಲ್ಲಿ ಬಾಟಲಿ ಪೆಟ್ರೋಲು. ಕೈಯಲ್ಲಿ ಹಲ್ಲುಜ್ಜುವ ಬ್ರಷ್ಷು.

"ಯಾರ ಬ್ರಷ್ಷು ರಾಯರೇ?"

"ಹಳೇದು ಸ್ವಾಮಿ" ಎಂದರು. ಯಾರದು ಅಂತ ಮಾತ್ರ ಹೇಳಲಿಲ್ಲ.

ಅವರ ಜೆನ್ ಕಾರಿನ ಮುಂದಿನ ಚಕ್ರದ ಬ್ರೇಕ್ ಕ್ಯಾಲಿಪರ್‌ಗಳಂತೆ. ಜೆ.ಸಿ. ರಸ್ತೆಯಲ್ಲಿ ಹೊಸದರ ಬೆಲೆ ಕೇಳಿ ಎದೆ ಝಲ್ ಎಂದದ್ದಕ್ಕೆ ಗುಜರಿಯಲ್ಲಿ ಒಂದು ಜೋಡಿ ಹಿಡಿದು ತಂದಿದ್ದಾರೆ. 1993ರಲ್ಲಿ ಬಂದು 2006ರಲ್ಲಿ ನಿಂತುಹೋದ ಗಾಡಿ. ಗುಜರಿಯೇ ಅದಕ್ಕೀಗ ತವರುಮನೆ. ಅದರಲ್ಲಿ ತಪ್ಪೇನಿಲ್ಲ. ನನ್ನ ಕಣ್ಣು ಹೋದದ್ದು ಬಾಟಲಿಯಿಂದ ಮೂರಡಿ ಆಚೆ, ತುಳಸಿಕಟ್ಟೆಯ ಮೇಲೆ ಉರಿಯುತ್ತಿದ್ದ ದೀಪದ ಕಡೆ.

"ಮೊದಲು ಆ ಪೆಟ್ರೋಲ್ ಮುಚ್ಚಿ ಒಳಗಿಡಿ ಮಾರಾಯ್ರೇ."

"ಜಿಡ್ಡು ಹೋಗಬೇಡವೇ?"

"ಜಿಡ್ಡಿನ ಜತೆ ರಬ್ಬರೂ ಹೋಗುತ್ತೆ."

"ಹೇಗೂ ಹೊಸ ಸೀಲ್ ಕಿಟ್ ಹಾಕ್ತೀನಲ್ಲ, ಹಳೇ ರಬ್ಬರ್ ಕೆಟ್ಟರೇನು?"

ಇದೇ ವಾದವನ್ನು ನಾನೂ ಒಮ್ಮೆ ಹೂಡಿದ್ದೆ. ಸೀಮೆಎಣ್ಣೆಯಲ್ಲಿ ತೊಳೆದು, ಹರಿದ ಬನಿಯನ್ನಿನಲ್ಲಿ ಒರೆಸಿ, ಹೊಸ ಸೀಲು ಕೂರಿಸಿ ಬೀಗಿದ್ದೆ. ತಿಂಗಳು ಕಳೆದಿತ್ತೋ ಇಲ್ಲವೋ, ತುಮಕೂರಿಗೆ ಹೊರಟವನ ಕಾರು ಡಾಬಸ್‌ಪೇಟೆ ಹೊತ್ತಿಗೆ ಒಂದು ಪಕ್ಕಕ್ಕೆ ಎಳೆಯತೊಡಗಿತು. ಇಳಿದರೆ ಎಡಗಡೆ ಚಕ್ರದಿಂದ ಕಮಟು ವಾಸನೆ. ನೀರು ಚಿಮುಕಿಸಿದರೆ ದೋಸೆ ಕಾವಲಿಯ ಹಾಗೆ ಚುಂಯ್. ಬಿಚ್ಚಿದಾಗ ಹೊಸ ಸೀಲು ನೆನೆಹಾಕಿದ ಕಡಲೆಕಾಳಿನ ಹಾಗೆ ಉಬ್ಬಿತ್ತು. ಸೀಲು ಕೂರುವ ತೋಡಿನಲ್ಲಿ ಉಳಿದ ಎಣ್ಣೆಯ ಪಸೆಯೇ ಅದಕ್ಕೆ ಸಾಕಾಗಿತ್ತು.

ಒಳಗಿನ ಸಂಗತಿ ಬಹಳ ಸೊಗಸು. ಪೆಡಲ್ ಒತ್ತಿದಾಗ ಪಿಸ್ಟನ್ ಮುಂದೆ ಬಂದು ಪ್ಯಾಡನ್ನು ಡಿಸ್ಕಿಗೆ ಅದುಮುತ್ತೆ. ಕಾಲು ತೆಗೆದಾಗ ಅದನ್ನು ಹಿಂದಕ್ಕೆ ಎಳೆಯೋಕೆ ಸ್ಪ್ರಿಂಗ್ ಇಲ್ಲ. ಪಿಸ್ಟನ್ನಿನ ಸುತ್ತ ಇರುವ ಚೌಕ ಅಂಚಿನ ರಬ್ಬರ್ ಉಂಗುರ ಇದೆಯಲ್ಲ, ಒತ್ತುವಾಗ ಸ್ವಲ್ಪ ತಿರುಚಿಕೊಂಡು, ಬಿಟ್ಟಾಗ ಮೊದಲಿನಂತಾಗುತ್ತಾ ಪಿಸ್ಟನ್ನನ್ನೂ ಕೂದಲೆಳೆಯಷ್ಟು ಹಿಂದಕ್ಕೆ ಕರಕೊಂಡು ಹೋಗುತ್ತೆ. ಉಬ್ಬಿದ ಸೀಲು ಬಿಡೋದೇ ಇಲ್ಲ. ಹಿಡಿದ ಬ್ರೇಕು ಹಿಡಿದೇ ಇರುತ್ತೆ.

ರಾಯರು ಪೆಟ್ರೋಲ್ ಒಳಗಿಟ್ಟು ಬಂದವರೇ ಕ್ಯಾಲಿಪರ್ ಎತ್ತಿ ಫೂ ಎಂದು ಊದಲು ಬಾಯಿ ತೆರೆದರು. ನಾನು ಗೋಡೆ ಹಾರುವುದೊಂದು ಬಾಕಿ. ಆ ಕಪ್ಪು ಧೂಳು ಪ್ಯಾಡು ಸವೆದದ್ದು. ಹಳೇ ಪ್ಯಾಡಿನಲ್ಲಿ ಆಸ್ಬೆಸ್ಟಾಸ್ ಇದ್ದರೂ ಇದ್ದೀತು, ಅದು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರೋದಿಲ್ಲ. ಊದಬಾರದು, ಗಾಳಿ ಹೊಡೆಸಬಾರದು, ಒಣ ಬ್ರಷ್ಷಿನಲ್ಲಿ ಉಜ್ಜಲೂಬಾರದು. ಸೋಪಿನ ನೀರು ಚಿಮುಕಿಸಿ ನೆನೆಸಿ ಒರೆಸಿ, ಬಟ್ಟೆಯನ್ನು ಕವರಿಗೆ ಹಾಕಿ ಬಾಯಿ ಕಟ್ಟಿ ಎಸೆಯಬೇಕು.

"ಪಿಸ್ಟನ್ ತೆಗೆಯೋಕೆ ಪಂಕ್ಚರ್ ಅಂಗಡಿಗೆ ಹೋಗಿ ಗಾಳಿ ಕೊಡಿಸ್ತೀನಿ" ಎಂದರು.

ಕೊಡಿಸಬಹುದು, ಆದರೆ ಮೆಲ್ಲಗೆ. ಪಿಸ್ಟನ್ ಎದುರಿಗೆ ಮರದ ತುಂಡಿಟ್ಟು, ದಪ್ಪ ಬಟ್ಟೆ ಸುತ್ತಿ, ಬೆರಳು ದೂರ ಇಟ್ಟುಕೊಳ್ಳಬೇಕು. ಗಾಳಿ ಜೋರಾದರೆ ಅದು ಗುಂಡಿನ ಹಾಗೆ ಹಾರುತ್ತೆ. ನಡುವೆ ಸಿಕ್ಕ ಬೆರಳಿನ ಕತೆ ಮುಗಿದ ಹಾಗೆ. ಬಿಚ್ಚಿದ ಮೇಲೆ ಒಳಭಾಗಕ್ಕೆ ಐಸೊಪ್ರೊಪೈಲ್ ಸ್ಪಿರಿಟ್ಟೋ ಬ್ರೇಕ್ ಕ್ಲೀನರ್ ಸ್ಪ್ರೇಯೋ, ಅದೂ ಬಯಲಿನಲ್ಲಿ, ಬೆಂಕಿಯಿಂದ ದೂರ. ಸೀಲ್ ಕೂರುವ ತೋಡಿಗೆ ಸ್ಕ್ರೂಡ್ರೈವರ್ ತಾಗಿಸಬೇಡಿ, ಬಿದಿರು ಕಡ್ಡಿ ಸಾಕು. ಪಿಸ್ಟನ್ ಮೇಲೆ ಉಗುರು ಎಳೆದು ನೋಡಿ. ಎಲ್ಲಾದರೂ ತುಕ್ಕಿನ ಗುಳಿಗೆ ಉಗುರು ಸಿಕ್ಕಿದರೆ ಆ ಪಿಸ್ಟನ್ ಮತ್ತೆ ಗುಜರಿಗೇ.

ಸೀಲಿಗೆ ಸವರಲು ಹೊಸ ಬ್ರೇಕ್ ಆಯಿಲ್ಲೇ ಆಗಬೇಕು. ರಾಯರ ಹತ್ತಿರ ಹೋದ ವರ್ಷ ಒಡೆದ ಅರ್ಧ ಬಾಟಲಿ ಇತ್ತು, ಅದನ್ನೂ ಬೇಡ ಎಂದೆ. ಆ ಆಯಿಲ್ ಗಾಳಿಯ ತೇವ ಕುಡಿಯುತ್ತೆ. ಡಾಟ್ 3 ದರ್ಜೆಯದು ಹೊಸದಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ತೇವ ಹೀರಿದ್ದಕ್ಕೆ ಇಟ್ಟಿರುವ ಮಿತಿ 140 ಅಷ್ಟೇ. ಘಟ್ಟ ಇಳಿಯುವಾಗ ಆ ಲೆಕ್ಕ ಗೊತ್ತಾಗುತ್ತೆ. ಬಾನೆಟ್ ಮೇಲೆ ಚೆಲ್ಲಿದರೆ ಪೇಂಟ್ ಕಿತ್ತು ಬರುವುದು ಬೇರೆ.

"ಇಷ್ಟೆಲ್ಲಾ ಗೊತ್ತಿದ್ದವರು ಈಚೆಗೆ ಬಂದು ಒಂದು ಕೈ ಹಾಕಬಾರದೇ?" ಅಂದರು ರಾಯರು. ಕಾಫಿ ಮುಗಿದಿತ್ತು, ನೆಪ ಉಳಿದಿರಲಿಲ್ಲ. ಕೂರಿಸುವ ದಿನ ಬರ್ತೀನಿ ಎಂದೆ. ಅಷ್ಟರೊಳಗೆ ನೀವೇ ಹಾಕಿಬಿಟ್ಟರೆ ಎರಡು ಮಾತು ನೆನಪಿಡಿ ರಾಯರೇ: ಗಾಳಿ ಹೊರಬಿಡುವ ಬ್ಲೀಡರ್ ತಿರುಪು ಮೇಲ್ಗಡೆ ಇರಬೇಕು, ಎಡಬಲ ಅದಲುಬದಲಾಗಿ ಕೆಳಗೆ ಹೋದರೆ ಗಾಳಿ ಒಳಗೇ ಉಳಿಯುತ್ತೆ. ಮತ್ತೆ, ಬ್ಲೀಡಿಂಗ್ ಮುಗಿಸಿದ ಮೇಲೂ ಗೇಟು ತೆಗೆಯುವ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಪ್ಯಾಡು ಡಿಸ್ಕಿಗೆ ತಾಗುವ ತನಕ ಅದು ಸೀದಾ ನೆಲಕ್ಕೆ ಹೋಗುತ್ತೆ, ನಿಮ್ಮ ಗೇಟಿನ ಎದುರಿಗೆ ಇರೋದು ನಮ್ಮ ಸ್ಕೂಟರು.