ಟಿಇಟಿ ಪಠ್ಯಕ್ರಮ ಮಹಾಶಯರ ಸನ್ನಿಧಿಗೆ

ಇಂದ,
ಸಹಶಿಕ್ಷಕ,
ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ.

ಇವರಿಗೆ,
ಶ್ರೀಯುತ ಪಠ್ಯಕ್ರಮ ಮಹಾಶಯರು,
ಶಿಕ್ಷಕರ ಅರ್ಹತಾ ಪರೀಕ್ಷೆ.

ವಿಷಯ: ಐವತ್ತು ದಾಟಿದ ಮೇಲೆ ಅರ್ಹನಾಗುವ ಕುರಿತು.
ಉಲ್ಲೇಖ: ಸುಪ್ರೀಂ ಕೋರ್ಟಿನ ದಿನಾಂಕ 1-9-2025ರ ತೀರ್ಪು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಕೆಲಸಕ್ಕೆ ಸೇರಿದಾಗ ತಾವಿನ್ನೂ ಹುಟ್ಟಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದದ್ದು 2009ರಲ್ಲಿ. ತಾವು ಹೀಗೆ ಹೀಗಿರಬೇಕು ಎಂದು ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು ಮಾರ್ಗಸೂಚಿ ಹೊರಡಿಸಿದ್ದು 2011ರಲ್ಲಿ. ಅಷ್ಟರಲ್ಲಿ ನನ್ನ ಕೈಯಲ್ಲಿ ಅಕ್ಷರ ತಿದ್ದಿದ ಹುಡುಗರು ಮೀಸೆ ತಿರುವುತ್ತಿದ್ದರು. ಈಗ ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚು ಸೇವೆ ಉಳಿದಿರುವವರು ಎರಡು ವರ್ಷದೊಳಗೆ ಟಿಇಟಿ ಪಾಸಾಗಬೇಕು, ಇಲ್ಲವೇ ಮನೆಗೆ ಹೋಗಬೇಕು ಎಂದು ತೀರ್ಪಾಗಿದೆ. ಕೋರ್ಟಿನ ಬಗ್ಗೆ ನನ್ನ ತಕರಾರಿಲ್ಲ. (ಇದ್ದರೂ ಬರೆದು ಕೊಡುವಷ್ಟು ದಡ್ಡನಲ್ಲ, ಆ ಮಟ್ಟಿನ ಅರ್ಹತೆ ಈಗಾಗಲೇ ಇದೆ.) ಅರ್ಜಿ ಹಾಕಿದೆ, ಗೈಡ್ ತಂದೆ, ತಮ್ಮನ್ನು ಮೊದಲಿಂದ ಕಡೆತನಕ ಓದಿದೆ.

ಓದಿ ಮೆಚ್ಚಿದೆ. ಇದು ಕುಹಕವಲ್ಲ. ಮಕ್ಕಳು ಮಾಡುವ ತಪ್ಪುಗಳು ಕಲಿಕೆಯ ಮುಖ್ಯ ಹೆಜ್ಜೆಗಳು, ಅವನ್ನು ಅರ್ಥಮಾಡಿಕೊಳ್ಳಬೇಕು ಎಂದು ತಮ್ಮಲ್ಲೇ ಬರೆದಿದೆ. ಮಕ್ಕಳು ಹೇಗೆ, ಯಾಕೆ 'ಫೇಲ್' ಆಗುತ್ತಾರೆ ಎಂಬುದೂ ಇದೆ. ಯಾರೋ ಮಕ್ಕಳನ್ನು ಹತ್ತಿರದಿಂದ ಕಂಡವರೇ ಈ ಮಾತು ಬರೆದಿರಬೇಕು.

ಅದಕ್ಕೇ ಒಂದು ಲೆಕ್ಕ ತಮ್ಮ ಅವಗಾಹನೆಗೆ ತರುತ್ತೇನೆ. ನಮ್ಮ ಮೂರನೇ ಕ್ಲಾಸಿನ ಹುಡುಗಿಯೊಬ್ಬಳು 42ರಲ್ಲಿ 17 ಕಳೆದು 35 ಎಂದು ಬರೆದಳು. 61ರಲ್ಲಿ 24 ಕಳೆದು 43 ಎಂದಳು. ಕೆಂಪು ಪೆನ್ನಿಗೆ ಎರಡೂ ತಪ್ಪು. ಕೂರಿಸಿಕೊಂಡು ಕೇಳಿದರೆ, "ದೊಡ್ಡದ್ರಲ್ಲಿ ಸಣ್ಣದನ್ನ ಕಳೀಬೇಕಲ್ವಾ ಸಾ?" ಎಂದಳು. ಒಂದಂಕಿಯ ಲೆಕ್ಕದಲ್ಲಿ ಕಲಿತ ನಿಯಮ ಅದು. ಬಿಡಿ ಸ್ಥಾನದ 2 ಮತ್ತು 7 ನೋಡಿದಾಗ ನಿಯಮ ಮುರಿಯಲಾರದೆ, ಅಂಕಿಗಳನ್ನೇ ತಿರುಗಿಸಿ 7ರಲ್ಲಿ 2 ಕಳೆದಿದ್ದಾಳೆ. ಅವಳಿಗೆ ಲೆಕ್ಕ ಬರುವುದಿಲ್ಲವೆಂದಲ್ಲ, ಹೇಳಿದ ಮಾತು ಮೀರುವ ಸ್ವಭಾವ ಅವಳದಲ್ಲ. ಕಡ್ಡಿಗಳನ್ನು ಹತ್ತತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಕೊಟ್ಟೆ. ಎರಡು ಬಿಡಿ ಕಡ್ಡಿಯಲ್ಲಿ ಏಳು ಕೊಡಲಾಗದೆ ಅತ್ತಿತ್ತ ನೋಡಿ, ಕಡೆಗೆ ತಾನೇ ಒಂದು ಕಟ್ಟು ಬಿಚ್ಚಿದಳು. ಪೂರಾ ಒಂದು ಪೀರಿಯಡ್ ಹೋಯಿತು.

ತಮ್ಮ ಪರೀಕ್ಷೆಯಲ್ಲಿ 150 ಪ್ರಶ್ನೆ, 150 ನಿಮಿಷ. ತಪ್ಪೇ ಕಲಿಕೆಯ ಹೆಜ್ಜೆ ಎಂಬುದಕ್ಕೂ ನಾಲ್ಕು ಆಯ್ಕೆಗಳಲ್ಲಿ ಸರಿಯಾದ ಉತ್ತರ ಒಂದೇ.

ಕೋಚಿಂಗ್ ಕ್ಲಾಸಿಗೂ ಸೇರಿದ್ದೇನೆ. ಪಕ್ಕದ ಬೆಂಚಿನಲ್ಲಿ ನನ್ನದೇ ಹಳೆಯ ವಿದ್ಯಾರ್ಥಿನಿ, ಡಿ.ಇಡಿ. ಮುಗಿಸಿದವಳು. ನಾನು ವೈಗೋಟ್‌ಸ್ಕಿಯನ್ನು ಅರ್ಥಮಾಡಿಕೊಳ್ಳಲು ಹೆಣಗುವುದನ್ನು ನೋಡಿ ಮರುಗಿದಳು. "ಸರ್, ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡಿ, ಟೈಮ್ ವೇಸ್ಟು. ಪಿಯಾಜೆ ಅಂದ್ರೆ ಅರಿವು, ವೈಗೋಟ್‌ಸ್ಕಿ ಅಂದ್ರೆ ಸಮಾಜ, ಕೊಲ್‌ಬರ್ಗ್ ಅಂದ್ರೆ ನೀತಿ. ಆಪ್ಷನ್ನಲ್ಲಿ 'ಮಗು ಕೇಂದ್ರಿತ' ಅಂತಿದ್ರೆ ಕಣ್ಮುಚ್ಕೊಂಡು ಅದಕ್ಕೇ ಶೇಡ್ ಮಾಡಿ."

ಮಾಡಿ ನೋಡಿದೆ. ಮಾಡೆಲ್ ಪೇಪರಿನಲ್ಲಿ ನನ್ನ ಅಂಕ ಏರಿತು. ತಮ್ಮ ಗುಟ್ಟು ರಟ್ಟಾಗಿದೆ, ಮಹಾಶಯರೇ. ಮಗು ಹಟ ಮಾಡಿದರೆ ಏನು ಮಾಡುವಿರಿ ಎಂದು ಕೇಳಿದರೆ, ಬೆತ್ತ ಹಿಡಿದು ಓಡಾಡುವ ಮೇಷ್ಟ್ರೂ 'ಪ್ರೀತಿಯಿಂದ ಕಾರಣ ವಿಚಾರಿಸುತ್ತೇನೆ' ಎಂಬುದಕ್ಕೇ ಶೇಡ್ ಮಾಡುತ್ತಾನೆ. ಯಾಕೆಂದರೆ ಬೆತ್ತ ಅವನ ಕೈಯಲ್ಲಿದೆ, ಓಎಂಆರ್ ಹಾಳೆಯಲ್ಲಿಲ್ಲ. ತಾವು ಅಳೆಯುತ್ತಿರುವುದು ಏನು ಹೇಳಿದರೆ ಚೆಂದ ಎಂಬ ತಿಳಿವಳಿಕೆಯನ್ನು. ಅದು ನಮ್ಮ ಇಲಾಖೆಯಲ್ಲಿ ಮೊದಲೇ ಧಾರಾಳವಾಗಿದೆ.

ಊಟದ ಸೂಚನೆಯ ಸದ್ದಿಗೇ ಜೊಲ್ಲು ಸುರಿಸುವ ಪಾವ್ಲೋವ್‌ನ ನಾಯಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಪಾಠದ ನಡುವೆಯೇ ತಟ್ಟೆ ಹುಡುಕುವ ಮಕ್ಕಳಿದ್ದಾರೆ, ಆ ಪ್ರಯೋಗ ನಮ್ಮ ಬಿಸಿಯೂಟದ ಅಡುಗೆಯಮ್ಮನವರ ವಶದಲ್ಲಿದೆ. ಕೊಲ್‌ಬರ್ಗ್ ಮಹಾಶಯರದು ಮಾತ್ರ ತೊಡಕು. ಹೆಂಡತಿಯನ್ನು ಉಳಿಸಲು ಹೈಂಜ್ ಎಂಬವನು ಔಷಧ ಕದ್ದದ್ದು ಸರಿಯೇ ಎಂದು ಕೇಳಿ ನೀತಿಯ ಆರು ಹಂತ ಹೇಳಿದವರು ಅವರು. ನಮ್ಮಲ್ಲೊಬ್ಬ ಹುಡುಗ ತನ್ನ ಪಾಲಿನ ಮೊಟ್ಟೆಯನ್ನು ಚಡ್ಡಿ ಜೇಬಿಗೆ ಇಳಿಸಿಕೊಂಡು, ಮನೆಯಲ್ಲಿರುವ ತಂಗಿಗೆ ಒಯ್ಯುತ್ತಾನೆ. ಮೊಟ್ಟೆಯನ್ನು ಶಾಲೆಯಲ್ಲೇ ತಿನ್ನಿಸಬೇಕು ಎನ್ನುವುದು ನಿಯಮ. ನೋಡಿಯೂ ನೋಡದವನಂತೆ ಗೋಡೆ ಕಡೆ ತಿರುಗುವ ನಾನು ಎಷ್ಟನೇ ಹಂತದವನು? ಗೈಡಿನಲ್ಲಿ ಸಿಗಲಿಲ್ಲ.

ಎರಡನೇ ಪತ್ರಿಕೆ ಬರೆಯುವ ಗೆಳೆಯರ ಪಾಡು ಇನ್ನೂ ಸೊಗಸು. ಆರರಿಂದ ಎಂಟನೇ ತರಗತಿಗೆ ಕನ್ನಡವನ್ನಷ್ಟೇ ಕಲಿಸುವವರೂ 60 ಅಂಕಕ್ಕೆ ಗಣಿತ-ವಿಜ್ಞಾನ, ಇಲ್ಲವೇ ಸಮಾಜ ವಿಜ್ಞಾನ ಆರಿಸಿಕೊಳ್ಳಬೇಕು. ಮೊದಲ ಭಾಷೆಗೆ ಇರುವುದು 30 ಅಂಕ. ನವೋದಯ, ನವ್ಯ ಅರೆದು ಕುಡಿದ ಪಂಡಿತರೊಬ್ಬರು ಈಗ ಮೊಘಲರ ವಂಶಾವಳಿಯನ್ನು ಬಾಯಿಪಾಠ ಮಾಡುತ್ತಿದ್ದಾರೆ. ಬಾಯಿಪಾಠ ಸಲ್ಲದು ಎಂಬ ಪ್ರಶ್ನೆಗೂ ಸರಿಯುತ್ತರವನ್ನು ಬಾಯಿಪಾಠ ಮಾಡಿ ಇಟ್ಟುಕೊಂಡಿದ್ದಾರೆ.

ಪರೀಕ್ಷೆಯೇ ಬೇಡ ಎನ್ನುವ ಗುಂಪಿನವನು ನಾನಲ್ಲ. ಕಲಿಸಲು ಬಾರದವರನ್ನು ಇಷ್ಟು ವರ್ಷಗಳಲ್ಲಿ ಸಾಕಷ್ಟು ನೋಡಿದ್ದೇನೆ. ಅವರ ಕೈಗೆ ಸಿಕ್ಕ ಮಕ್ಕಳನ್ನೂ ನೋಡಿದ್ದೇನೆ. 150ಕ್ಕೆ 90 ಬೇಕೆಂಬುದೂ ಅನ್ಯಾಯವೇನಲ್ಲ. ನನ್ನ ಬೇಡಿಕೆ ಒಂದೇ. ಆ 150ರಲ್ಲಿ ಹತ್ತು ಪ್ರಶ್ನೆಗಳನ್ನು ತೆಗೆದು, ಆ ಹುಡುಗಿಯ ಲೆಕ್ಕದಂಥದ್ದೊಂದನ್ನು ಅಚ್ಚು ಹಾಕಿ, ಕೆಳಗೆ ಖಾಲಿ ಜಾಗ ಬಿಡಿ: ಈ ಮಗು ಹೀಗೇಕೆ ಬರೆಯಿತು, ನಾಳೆ ಬೆಳಗ್ಗೆ ನೀವೇನು ಮಾಡುತ್ತೀರಿ, ಬರೆಯಿರಿ. ಅದನ್ನು ಯಂತ್ರ ತಿದ್ದಲಾರದು, ಮನುಷ್ಯರೇ ಕೂತು ಓದಬೇಕು, ಖರ್ಚಾಗುತ್ತದೆ. ಗೊತ್ತು. ಮಕ್ಕಳಿಗೂ ಅಷ್ಟೇ ಖರ್ಚಾಗುತ್ತದೆ.

ಇಂತಿ ತಮ್ಮ ವಿಧೇಯ,
(ಸದ್ಯಕ್ಕೆ) ಅನರ್ಹ ಶಿಕ್ಷಕ

ವಿ.ಸೂ.: ಪರೀಕ್ಷೆಯ ಭಾನುವಾರ ಕೊಠಡಿ ಮೇಲ್ವಿಚಾರಣೆಗೆ ನನ್ನನ್ನೇ ನೇಮಿಸಿ ಆದೇಶ ಬಂದಿದೆ. ಪ್ರವೇಶಪತ್ರವೂ ಬಂದಿದೆ. ಎರಡರಲ್ಲಿ ಯಾವುದಕ್ಕೆ ಹಾಜರಾಗಬೇಕೆಂದು ದಯವಿಟ್ಟು ಬೇಗ ತಿಳಿಸುವುದು.