ರಾತ್ರಿ ಪಾಳಿಯ ಕಳ್ಳರಿಗೊಂದು ಬಹಿರಂಗ ಪತ್ರ

ಮಾನ್ಯ ಕನ್ನಗಳ್ಳ ಮಹಾಶಯರೇ,

ನಿಮ್ಮ ಕಸುಬಿಗೆ ಕಬ್ಬಿಣದ ರಾಡಿಗಿಂತ ಮುಖ್ಯವಾದ ಸಲಕರಣೆ ಪಂಚಾಂಗ ಎಂಬುದನ್ನು ಯಾರೂ ನಿಮಗೆ ಹೇಳಿಕೊಟ್ಟಂತಿಲ್ಲ. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮುಂಚೆ ನೀವು ಕನ್ನ ಹಾಕಿದರೆ, ಆಸ್ತಿ ಉಳಿಸಿಕೊಳ್ಳಲು ಮನೆಯವರು ನಿಮ್ಮ ಪ್ರಾಣ ತೆಗೆಯುವ ಮಟ್ಟಕ್ಕೂ ಹೋಗಬಹುದು ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 41ನೇ ಕಲಂ. ಅದೇ ಕನ್ನ ಹಗಲಲ್ಲಾದರೆ, ನಿಮ್ಮಿಂದ ಸಾವೋ ತೀವ್ರ ಗಾಯವೋ ಆದೀತೆಂಬ ಸಕಾರಣ ಭಯ ಅವರಿಗಿರಬೇಕು. ಬೆಂಗಳೂರಿನ ಸೂರ್ಯ ಡಿಸೆಂಬರಿನಲ್ಲಿ 6 ಗಂಟೆ ಆಸುಪಾಸಿಗೇ ಮುಳುಗುತ್ತಾನೆ, ಜೂನ್ ಕೊನೆಗೆ 6.45 ದಾಟಿಸುತ್ತಾನೆ. ಹಾಗಾಗಿ ಸಂಜೆ ಆರೂವರೆಗೆ ಅಡುಗೆಮನೆ ಕಿಟಕಿಯ ಸರಳು ಬಗ್ಗಿಸಿ, ಒಂದು ಕಾಲು ಒಲೆಕಟ್ಟೆಯ ಮೇಲೆ, ಇನ್ನೊಂದು ಹೊರಗೆ ಇಟ್ಟು ಸಿಕ್ಕಿಕೊಂಡ ನಿಮ್ಮ ಜೀವಕ್ಕೆ ಜೂನ್‌ನಲ್ಲಿ ಒಂದು ಬೆಲೆ, ಡಿಸೆಂಬರಿನಲ್ಲಿ ಇನ್ನೊಂದು. ತೆರೆದೇ ಇದ್ದ ಬಾಗಿಲಿಂದ ಯಾರನ್ನೂ ಮುಟ್ಟದೆ ಒಳಬಂದರಂತೂ ಅದು ಕನ್ನವೇ ಅಲ್ಲ, ಬರೀ ಅತಿಕ್ರಮ ಪ್ರವೇಶ. ಬೀಗ ಮುರಿಯುವ ಚಪಲ ಬಿಡಿ.

ಈ ಗಡಿಯಾರ 1860ರ ದಂಡ ಸಂಹಿತೆಯದು. ಬುಡ್ಡಿದೀಪದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು: ಬಂದವನ ಕೈಯಲ್ಲಿ ಮಚ್ಚಿದೆಯೋ ಚೊಂಬಿದೆಯೋ ಕಾಣದು, ಕೂಗಿದರೆ ಠಾಣೆಗೆ ಕೇಳದು. 2024ರ ಜುಲೈ 1ರಂದು ವಸಾಹತು ಕಾನೂನಿಗೆ ವಿದಾಯ ಹೇಳಿದ ನಮ್ಮವರು 103ನೇ ಕಲಮನ್ನು 41 ಮಾಡಿದರು, ‘ರಾತ್ರಿ’ ಎಂಬುದನ್ನು ಅಳಿಸಿ ‘ಸೂರ್ಯಾಸ್ತದ ನಂತರ, ಸೂರ್ಯೋದಯದ ಮೊದಲು’ ಎಂದು ಬರೆದರು. ಹಳೆಯ ಸಂಹಿತೆಯಲ್ಲೂ ರಾತ್ರಿಗೆ ಅದೇ ವ್ಯಾಖ್ಯೆಯಿತ್ತು! ಕತ್ತಲೆಗೆ ಅಂಜುವುದು ಸಹಜ, ಒಪ್ಪೋಣ. ಆದರೆ ಆ ಅಂಜಿಕೆಗೆಂದೇ ಅದೇ ಕಲಮಿನಲ್ಲಿ ಬೇರೆ ಉಪಕಲಂ ಇದೆಯಲ್ಲ, ಅದು ಹಗಲಿಗೂ ಸಲ್ಲುತ್ತದೆ, ರಾತ್ರಿಗೂ ಸಲ್ಲುತ್ತದೆ. ನೋಡಬೇಕಾದ್ದು ಅಪಾಯವನ್ನು, ಸೂರ್ಯನನ್ನು ಸಾಕ್ಷಿಕಟ್ಟೆಗೆ ಕರೆಯುವ ಅಗತ್ಯವೇನು?

ನಿದ್ದೆಗಣ್ಣಿನಲ್ಲಿ ಎದ್ದವನು ಭಯ ಸಕಾರಣವೋ ಅಲ್ಲವೋ ಎಂದು ಲೆಕ್ಕ ಹಾಕುತ್ತಾ ಕೂರಬೇಕೆ ಎಂದು ಮನೆಯೊಡೆಯರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಆದರೆ ಜೀವಭಯದಲ್ಲಿರುವವನ ಏಟನ್ನು ಅಳೆದು ತೂಗಿ ನೋಡಬಾರದೆಂದು ಸುಪ್ರೀಂ ಕೋರ್ಟ್ 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆತ್ಮರಕ್ಷಣೆಯನ್ನು ಸಂಶಯಾತೀತವಾಗಿ ಸಾಬೀತುಪಡಿಸುವ ಹೊರೆಯೂ ಅವನ ಮೇಲಿಲ್ಲ. ಗಡಿಯಾರ ತೆಗೆದರೆ ಅವನು ಕಳೆದುಕೊಳ್ಳುವುದು, ಹೆದರದೆಯೂ ಕೊಲ್ಲುವ ಅವಕಾಶವನ್ನು ಮಾತ್ರ. ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂದು 37ನೇ ಕಲಂ ಹೇಗೂ ತಡೆಯುತ್ತದೆ ಎನ್ನುವವರಿಗೆ ನನ್ನದು ಒಂದೇ ಮಾತು: ಒಂದು ಕಲಂ ಕೊಟ್ಟದ್ದನ್ನು ಇನ್ನೊಂದು ಕಿತ್ತುಕೊಳ್ಳುವುದಾದರೆ, ಕೊಟ್ಟದ್ದೇಕೆ?

ಇನ್ನು ಕೆಲವರಿಗೆ ಅಮೆರಿಕದ ಫ್ಲಾರಿಡಾ ಮಾದರಿ ಬೇಕಂತೆ. ಅಲ್ಲಿನ 2005ರ ಕಾಯ್ದೆ, ಬಲವಂತವಾಗಿ ಮನೆಗೆ ನುಗ್ಗಿದವನನ್ನು ಕಂಡ ನಿವಾಸಿಗೆ ಜೀವಭಯವಿತ್ತೆಂದೇ ಭಾವಿಸಿಕೊಳ್ಳುತ್ತದೆ. ಕಳ್ಳನಿಗೇಕೆ ಕನಿಕರ ಎಂಬುದು ಅವರ ವಾದ. ಸ್ವಾಮಿ, ಕನಿಕರವಲ್ಲ, ಲೆಕ್ಕಾಚಾರ. ಕಳ್ಳತನಕ್ಕಾಗಿ ರಾತ್ರಿ ಕನ್ನ ಹಾಕಿದ್ದಕ್ಕೆ ಗರಿಷ್ಠ 14 ವರ್ಷ ಜೈಲು. ವಕೀಲರು, ಸಾಕ್ಷಿ, ಮೇಲ್ಮನವಿ ಎಲ್ಲ ಮುಗಿದ ಮೇಲೂ ನ್ಯಾಯಾಧೀಶರು ಕೊಡಲಾಗದ ಮರಣದಂಡನೆಯನ್ನು, ನಿದ್ದೆಗೆಟ್ಟ ಗೃಹಸ್ಥ ಭಯವೇ ಇಲ್ಲದೆ ಒಂದು ಕ್ಷಣದಲ್ಲಿ ಕೊಡಬಹುದೆಂದರೆ ಕೋರ್ಟುಗಳೇಕೆ?

ಕಲಂ ತಿದ್ದುಪಡಿಯಾಗುವವರೆಗೆ ಪಂಚಾಂಗ ನೋಡಿಕೊಂಡೇ ಹೊರಡಿ. ಈ ಪತ್ರದ ಬಗ್ಗೆ ತಕರಾರಿದ್ದರೆ ಹಗಲು ಹೊತ್ತು ಬಂದು, ಬಾಗಿಲು ತಟ್ಟಿ ಹೇಳಿ.

ಇತಿ,
ಬಾಗಿಲು ಹಾಕಿಕೊಂಡೇ ಮಲಗುವ ಒಬ್ಬ ನಾಗರಿಕ